ಕಣ್ಣಳತೆ

ಕೇಳಲು ಬಂದವರಿಗೆಲ್ಲ ಅಕ್ಕ ಬಾವಿಯ ಕಥೆ ಹೇಳುತ್ತಾಳೆ.
ಅದು ಸುಳ್ಳಲ್ಲ. ಬಾವಿ ಇತ್ತು, ಕಟ್ಟೆ ಇತ್ತು,
ಕಟ್ಟೆಯಿಂದಾಚೆ ನಮ್ಮ ಕೊಡಗಳ ಸಾಲು,
ಯಾರಾದರೂ ಎರೆದಾರೆಂದು ಬಿಸಿಲಲ್ಲಿ ಕಾದದ್ದೂ ಇತ್ತು.
ಪೇಪರಿನವರು ಬರೆದುಕೊಂಡು ಹೋಗುತ್ತಾರೆ.
ಬಾವಿ ಎಲ್ಲರಿಗೂ ಅರ್ಥವಾಗುತ್ತದೆ.

ಟೈಲರ್ ಅಂಗಡಿಯ ಮಾತನ್ನು ಅವಳು ಎತ್ತುವುದಿಲ್ಲ.
ನಾನಿದ್ದೆ ಅಲ್ಲಿ. ಏಳು ವರ್ಷ ನನಗೆ, ಅವಳಿಗೆ ಹತ್ತು.

ರಿಪ್ಪನ್‌ಪೇಟೆ ಸರ್ಕಲ್ಲು, ಹಿಟ್ಟಿನ ಗಿರಣಿಯ ಪಕ್ಕ.
ಆಗಸ್ಟ್ ಹದಿನೈದಕ್ಕೆ ಇನ್ನು ಎಂಟೇ ದಿನ,
ಕವಾಯತಿಗೆ ಬಿಳಿ ಅಂಗಿ ಬೇಕೆಂದು ಮೇಷ್ಟ್ರ ಹುಕುಂ.
ಸಾಮಿಲ್ಲಿನಲ್ಲಿ ಅಪ್ಪ ದಿಮ್ಮಿ ಹೊತ್ತ ವಾರದ ಕೂಲಿ
ಸೊಸೈಟಿಯ ಬಟ್ಟೆಯಾಗಿ, ಮಡಿಕೆ ಬಿಚ್ಚದೆ,
ಅಕ್ಕನ ಕಂಕುಳಲ್ಲಿತ್ತು.

ನಮಗಿಂತ ಮುಂಚೆ ನಿಂತವಳು ಪಾತ್ರೆ ಅಂಗಡಿಯವರ ಹುಡುಗಿ.
ಅವನ ಕೊರಳ ಟೇಪು ಇಳಿದು ಅವಳ ಬೆನ್ನ ಮೇಲೆ ಹರಿಯಿತು,
ತೋಳು ಸುತ್ತಿತು, ಕಚಗುಳಿಗೆ ಅವಳು ನಕ್ಕಳು.
"ಭುಜ ಹನ್ನೊಂದು, ತೋಳು ಆರೂವರೆ, ಉದ್ದ ಹದಿನೆಂಟು..."
ಕೆಲಸದ ಹುಡುಗ ಬರೆದುಕೊಂಡ.
ಒಬ್ಬಳ ಮೈಯಲ್ಲಿ ಇಷ್ಟೊಂದು ಅಂಕಿಗಳಿರುತ್ತವೆಂದು
ನನಗೆ ಅವತ್ತೇ ಗೊತ್ತಾದದ್ದು.

ನಮ್ಮ ಸರದಿ. "ಬಟ್ಟೆ ಅಲ್ಲಿಡು. ಆ ಕಂಬದ ಹತ್ರ ನಿಲ್ಲು.
ತಿರುಗು. ಹಾಂ, ಸಾಕು."
ಕೆಟ್ಟ ಮನುಷ್ಯನೇನಲ್ಲ. ನಗುತ್ತಲೇ ಅಂದ:
"ನನ್ನ ಕಣ್ಣೇ ಟೇಪು ಕಣೇ, ಹೆದರಬೇಡ."
ಗುತ್ಯಮ್ಮ ಎಂದು ಬರೆದ ಹುಡುಗ
ಮುಂದೇನು ಬರೆಯಲೆಂದು ಅವನ ಮುಖ ನೋಡಿದ.
"ಅಂದಾಜು ಅಂತ ಬರಿ."

ಅಂದಾಜು ಅಂಗಿ. ಒಂದು ಭುಜ ಮೊಣಕೈವರೆಗೆ ಜಾರುತ್ತಿತ್ತು.
"ಕೈ ಮೇಲೆ!" ಎಂದಾಗ ಇಡೀ ಶಾಲೆಯ ಕೈಗಳೆದ್ದವು,
ಅಕ್ಕನದು ಒಂದೇ. ಇನ್ನೊಂದು ಕೊರಳಪಟ್ಟಿ ಹಿಡಿದಿತ್ತು.
ಕವಾಯತು ಕೆಡಿಸಿದಳೆಂದು ಆ ಎತ್ತದ ಕೈಗೆ ನಾಲ್ಕು ಬಿತ್ತು.
ಬೆತ್ತಕ್ಕೆ ಮೈಲಿಗೆ ಇಲ್ಲ, ನೋಡಿ.

ಈಗ ಅವಳ ಬ್ಯಾಗಿನಲ್ಲಿ ಕನ್ನಡಕ, ಎಲೆಯಡಿಕೆ ಚೀಲ,
ಒಂದು ಉಕ್ಕಿನ ಟೇಪು.
ಮೀಸಲಾತಿಯ ಕುರ್ಚಿ ಅಂತಾರೆ. ಅನ್ನಲಿ.
ಇಂಜಿನಿಯರು ಕಾಗದ ಬಿಡಿಸಿ
"ಕಾಲೊನಿ ರಸ್ತೆ ಮೇಡಂ, ದಪ್ಪ ಅಂದಾಜು ಆರಿಂಚು" ಎಂದ.
ಆ ಒಂದು ಪದಕ್ಕೆ ದವಡೆ ಬಿಗಿದದ್ದು ನಾನು ಕಂಡೆ.
ಸೀರೆ ಎತ್ತಿ ಕಟ್ಟಿ, ರಸ್ತೆಯಂಚಿಗೆ ಕುಕ್ಕರುಗಾಲಲ್ಲಿ ಕೂತು,
ಟೇಪಿನ ತುದಿ ಅವನ ಕೈಗಿತ್ತಳು: "ಹಿಡೀರಿ."
ಮೂರೂಕಾಲು.
ಬಿಲ್ಲು ನಿಂತಿತು. ಟೇಪಮ್ಮ ಎಂದು
ಕಂಟ್ರಾಕ್ಟರುಗಳು ಹೋಟೆಲಿನಲ್ಲಿ ಕೂತು ನಕ್ಕರು.
ಆಮೇಲಾಮೇಲೆ ನಕ್ಕದ್ದು ಕಡಿಮೆ.

ಶಿವಮೊಗ್ಗದಿಂದ ಕಾಲೇಜು ಹುಡುಗರು ಬಂದಿದ್ದರು,
ನಿಮ್ಮ ಸಿದ್ಧಾಂತವೇನೆಂದು ಕೇಳಿದರು.
"ಅಳೀಬೇಕಂದ್ರೆ ಹತ್ರ ಬರಬೇಕಲ್ಲಪ್ಪ," ಅಂದಳು.
ಅವರು ಅದನ್ನು ಬರೆದುಕೊಳ್ಳಲಿಲ್ಲ,
ಬಾವಿಯ ಬಗ್ಗೆ ಕೇಳಿದರು.

ಒಮ್ಮೆ ಸೋತಳು, ಹದಿನೇಳು ಮತಗಳಲ್ಲಿ.
ಮತ್ತೆ ಎಣಿಸಿ ಅಂದಳು. ಎಣಿಸಿದರು. ಹದಿನೇಳೇ.
ರಾತ್ರಿ ಗಂಜಿ ಉಣ್ಣುತ್ತ ಒಬ್ಬಳೇ ನಕ್ಕಳು:
"ಒಂದೊಂದೇ ಎಣಿಸಿದ್ರು ಕಣೇ, ನಮ್ಮ ಕೇರಿಯದ್ದೂ."
ಜ್ವರವೇನಾದರೂ ಬಂತೇ ಎಂದು ಹಣೆ ಮುಟ್ಟಿ ನೋಡಿದೆ.

ನಾನು ಟೈಲರಾದೆ. ಯಾಕೆಂದು ಕೇಳಲು ಯಾರೂ ಬರುವುದಿಲ್ಲ.
ಮೂವತ್ತು ವರ್ಷದಿಂದ ಅಕ್ಕನ ರವಿಕೆಗೆ ನನ್ನದೇ ಹೊಲಿಗೆ,
ಕರೆಂಟು ಹೋದರೂ ಕತ್ತರಿಸಬಲ್ಲೆ.
ಮೊನ್ನೆ, ಗಡಿಬಿಡಿಯಲ್ಲಿ, ಬಾಯಿಗೆ ಬಂದುಬಿಟ್ಟಿತು:
"ಅಳೆಯೋದೇನು ಬಿಡೇ, ನನ್ನ ಕಣ್ಣೇ..."
ಅರ್ಧಕ್ಕೇ ನಾಲಗೆ ಕಚ್ಚಿಕೊಂಡೆ.

ಅವಳೇನೂ ಅನ್ನಲಿಲ್ಲ.
ಮಿಷನ್ನಿನ ಮುಂದೆ ಬಂದು ಎರಡೂ ಕೈ ಎತ್ತಿ ನಿಂತಳು,
ಟೇಪು ಬೆನ್ನಿಗೆ ತಾಗುವವರೆಗೂ ಉಸಿರು ಹಿಡಿದು.
ಭುಜ ಹದಿನಾಲ್ಕೂವರೆ.

"ಬರ್ಕೊ," ಅಂದಳು.