ನಲವತ್ತಾರು

ಎರಡನೇ ಸಲವೂ ಎಣಿಸಿದೆ. ಅಷ್ಟೇ:
ನಿಮಿಷಕ್ಕೆ ನಲವತ್ತಾರು.
ಆರನೇ ತರಗತಿಯ ಚಿಸಾಟೊ
ಆರೋಗ್ಯ ಕೋಣೆಯ ಮಂಚದ ಮೇಲೆ
ಕಾಲು ತೂಗಾಡಿಸುತ್ತ ಕೂತಿದ್ದಾಳೆ,
ಸಾಕ್ಸಿನ ಹೆಬ್ಬೆರಳಿಗೊಂದು ತೂತು.

ನಾಗಾನೊದ ಜನವರಿ. ಮೈದಾನದ ಮಣ್ಣನ್ನು ಎತ್ತಿಕೊಂಡು
ಮಂಜಿನ ಸೂಜಿಗಳು ಎದ್ದು ನಿಂತಿವೆ.
ಬೆಳಕು ಹರಿಯುವ ಮೊದಲೇ ಅವನ್ನು ತುಳಿದು
ಚರಚರ ಚರಚರ
ಹನ್ನೆರಡು ಸುತ್ತು ಮುಗಿಸಿ ಬಂದವಳು.

ಇಪ್ಪತ್ತಾರು ವರ್ಷದಿಂದ ಈ ಶಾಲೆಯ ದಾದಿ ನಾನು.
ತರಚಿದ ಮೊಣಕಾಲು, ಬಿದ್ದ ಹಾಲುಹಲ್ಲು,
ಗಣಿತದ ಪರೀಕ್ಷೆಯ ದಿನ ತಪ್ಪದೆ ಬರುವ ಹೊಟ್ಟೆನೋವು.
ಯಾವ ಮಗುವಿನ ಮಣಿಕಟ್ಟು ಹಿಡಿದೂ
ಇಷ್ಟು ಹೊತ್ತು ಕಾದವಳಲ್ಲ,
ಒಂದು ಬಡಿತ ಹೋಗಿ
ಇನ್ನೊಂದು
ಬರುವತನಕ.

ಶರತ್ಕಾಲದಲ್ಲೇ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದೆವು.
ಎದೆಗೆ ತಣ್ಣನೆಯ ಲೋಳೆ ಬಳಿದರು. ಕಪ್ಪು ಪರದೆಯಲ್ಲಿ
ಬೂದಿಬಣ್ಣದ ಮೀನೊಂದು ಬಾಯಿ ತೆರೆದು ಮುಚ್ಚಿ
ನೀರು ಕುಡಿಯುತ್ತಿತ್ತು.
ಡಾಕ್ಟರು ಅಳೆದರು, ಮಿಲಿಮೀಟರಿನಲ್ಲಿ.
'ಎಡಗೋಣೆ ಕೊಂಚ ಹಿಗ್ಗಿದೆ. ರೋಗವಲ್ಲ.
ಕೆಲಸಕ್ಕೆ ತಕ್ಕ ಬೆಳವಣಿಗೆ, ಬಹುಶಃ.
ಇಷ್ಟು ಚಿಕ್ಕವರ ಲೆಕ್ಕ ನಮ್ಮ ಹತ್ತಿರ ಕಡಿಮೆ.
ಆರು ತಿಂಗಳು ಬಿಟ್ಟು ಬನ್ನಿ.'

ಆ 'ಬಹುಶಃ' ನನಗೊಬ್ಬಳಿಗೇ ಕೇಳಿಸಿತೇನೋ.
ಕೋಚ್ ಇವಾದಾತೆ ಕೂಡ ಹಿಗ್ಗಿದರು:
'ಇಂಜಿನ್ನೇ ದೊಡ್ಡದು ನೋಡಿ!'
ಅಪ್ಪ ತೋಫು ಅಂಗಡಿಯವನಿಗೂ ಹೇಳಿ ಬಂದ.
ಬರುವ ಭಾನುವಾರ ರಿಲೇ. ಕೊನೆಯ ಮೂರು ಕಿಲೋಮೀಟರು ಇವಳದು;
ನಾಲ್ಕು ಮಕ್ಕಳ ಬೆವರು ಕುಡಿದು ಬರುವ ನೇರಳೆ ಪಟ್ಟಿಯನ್ನು
ಹೆಗಲಿಗೇರಿಸಿ ಗೆರೆ ದಾಟಬೇಕು.

ತೂಗಾಡುವ ಕಾಲು ನಿಂತಿತು.
'ಸೆನ್ಸೇ, ನಮ್ಮಜ್ಜಿಯ ಹೃದಯವೂ ದೊಡ್ಡದಂತೆ.
ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಾಳೆ.
ರಾತ್ರಿ ಮೂರು ದಿಂಬು ಬೇಕು, ಇಲ್ಲದಿದ್ದರೆ ಉಸಿರಿಲ್ಲ.
ಅಜ್ಜಿ ಯಾವ ಓಟ ಓಡಿದ್ದು?'

ಅದು ಬೇರೆ, ಅಂದೆ.
ಇದು ಬೇರೆ, ಅಂದೆ.
ಹೇಗೆ ಅಂತ ಅವಳು ಕೇಳಲಿಲ್ಲ, ನನ್ನ ಪುಣ್ಯ.
ಕೇಳಿದ್ದರೆ ಗೋಡೆಯ ಮೇಲಿನ ಚಿತ್ರ ತೋರಿಸುತ್ತಿದ್ದೆ,
ಕೆಂಪು ನೀಲಿ ಬಣ್ಣ ಹಚ್ಚಿದ ನಾಲ್ಕು ಕೋಣೆ,
ಯಾರೂ ವಾಸವಿಲ್ಲದ ಮನೆಯಂಥದ್ದು.

'ನಿಮ್ಮದು ಕೊಡಿ' ಎಂದು ನನ್ನ ಕೈ ಎಳೆದುಕೊಂಡು
ನಾಲಿಗೆಯ ತುದಿ ಕಚ್ಚಿ, ಗಡಿಯಾರ ನೋಡುತ್ತ ಎಣಿಸಿದಳು.
'ತೊಂಬತ್ತೆಂಟು!
ಎಲ್ಲಿಂದ ಓಡಿ ಬಂದಿರಿ, ಸೆನ್ಸೇ?'

ಮೇಜಿನ ಮೇಲೆ ಭಾನುವಾರದ ಒಪ್ಪಿಗೆ ಚೀಟಿ.
ಅಪ್ಪನ ಮುದ್ರೆ ಇದೆ, ಕೋಚಿನದಿದೆ.
ಪಕ್ಕದಲ್ಲಿ ಉಗುರಿನಷ್ಟು ಚೌಕ,
ಇನ್ನೂ ಬಿಳಿ.