ಎರಡು ಜೋಡಿ

ಹೊರಗೆ ಕಲಬುರಗಿಯ ಮೇ ತಿಂಗಳು.
ಮುಕರಮ್ ಸಾಬರ ಅಂಗಡಿಯ ಒಳಕೋಣೆಯ ತಂಪಿನಲ್ಲಿ
ಎರಡು ಜೋಡಿ ಸ್ಪೀಕರು ನಿಂತಿದ್ದವು, ಎದೆಮಟ,
ಹೆಣ್ಣು ನೋಡಲು ಬಂದವರ ಹಾಗೆ ಮಾತಿಲ್ಲದೆ.
ಒಂದು ಕಪ್ಪು, ಸಣಕಲು, ಮೈಯೆಲ್ಲ ಹೊಳಪು.
ಇನ್ನೊಂದು ಶೀಸಂ ಬಣ್ಣ,
ಜೋಳದ ಚೀಲ ನೆಟ್ಟಗೆ ನಿಲ್ಲಿಸಿದಂಗೆ.

"ಕೂಡ್ರಿ ಕಾಕಾ, ಕಣ್ಣು ಮುಚ್ಚಿ ಕೇಳ್ರಿ.
ಫರಕ್ ತಾನೇ ಗೊತ್ತಾಗ್ತದ."

ಕಣ್ಣು ಮುಚ್ಚಿದೆ.
ಇದು ಹಾಡಿತು. ಅದು ಹಾಡಿತು.
ಹಾಡು ಮುಗಿಯಿತು. ಫರಕ್ ಬರಲಿಲ್ಲ.

ಮೂವತ್ತೊಂದು ವರ್ಷ ನೆಹರೂ ಗಂಜಿನ ಬ್ಯಾಳಿ ಮಿಲ್ಲಿನಲ್ಲಿ
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿ, ತುದಿ ಬೇರಿಂಗಿಗಿಟ್ಟು
ಇದು ಇನ್ನು ಎಂಟು ದಿನ, ಇದು ನಾಳೆಯೇ ಹೋಗ್ತದ
ಎಂದು ಹೇಳಿದವನು ನಾನು.
ಮಾಲಕರು ನನ್ನ ಕಿವಿಗೇ ಪಗಾರ ಕೊಡುತ್ತಿದ್ದರು.
ಆ ಕಿವಿಯ ಮೇಲಿನ ಮಾಳಿಗೆ ಯಾವಾಗ ಬಿತ್ತೋ,
ತೊಗರಿಯ ಹೊಟ್ಟಿನ ಜೊತೆ ಯಾವ ಪಾಳಿಯಲ್ಲಿ ಹಾರಿಹೋಯಿತೋ.
ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲೆ ತೋರಿಸಿದ್ದಳು:
ನೆಟ್ಟಗೆ ಬಂದು ಬಂದು ಒಮ್ಮೆಲೆ
ಬಾವಿಗೆ ಇಳಿದ ಗೆರೆ.
ಜಗದೇವಿಗೆ ಆ ಕಾಗದ ತೋರಿಸಿಲ್ಲ.
ಕುಕ್ಕರಿನ ಸೀಟಿ ಯಾಕ ಎಣಸಲಿಲ್ಲ ಅಂತ ಬಯ್ದರೆ
ಮರೆತೆ ಅನ್ನುತ್ತೇನೆ.

"ಹ್ಯಾಂಗದ?" ಸಾಬರು ಕೇಳಿದರು.
"ಕಪ್ಪಂದು ಜರಾ ಸಾಫ್ ಅದ," ಅಂದೆ
ಚೀಟಿ ನೋಡಿ. ಜಾಸ್ತಿ ರೊಕ್ಕದ್ದು ಅದೇ ಇತ್ತು.

ಆಮೇಲೆ ಎದ್ದುಹೋಗಿ ಶೀಸಮ್ಮಿನ ಬೆನ್ನ ಮೇಲೆ
ಅಂಗೈ ಇಟ್ಟೆ, ಹಳೇ ರೂಢಿ.
ತಬಲಾದ ಎಡಗೈ ಪೆಟ್ಟಿಗೆ ಹಲಗೆ
ಕೂದಲೆಳೆಯಷ್ಟು ತಡವಾಗಿ ಸುಮ್ಮನಾಗುತ್ತಿತ್ತು.
ಕಪ್ಪಿನ ಬೆನ್ನು ನಡುಗಲಿಲ್ಲ,
ಒಳಗೆ ಗಟ್ಟಿ ಅಡ್ಡಪಟ್ಟಿ ಇರಬೇಕು.
ಇಷ್ಟು ಮಾತ್ರ ನನಗೆ ತಿಳಿಯುವ ಸಂಗೀತ.

ಜಗದೇವಿ ಬಾಗಿಲ ಬಳಿಯ ಸ್ಟೂಲಿನಲ್ಲಿ
ಮೊಣಕಾಲು ತಿಕ್ಕುತ್ತ ಕೂತಿದ್ದಳು.
ಇಂಥ ಎತ್ತರದ ಡಬ್ಬಿ ಕಸ ಹೊಡಿಯೋರಿಗೆ ತ್ರಾಸು
ಎಂದು ಆಟೋದಲ್ಲೇ ಅಂದಿದ್ದಳು.
ಕಪ್ಪು ಜೋಡಿ ಎರಡನೆಯ ಸಲ ಹಾಡುವಾಗ
ತಟ್ಟನೆ ತಿಕ್ಕುವುದು ಬಿಟ್ಟಳು.
"ಹಾಡಾಕಿ ಕೈಯಾಗ ಗಾಜಿನ ಬಳಿ ಅವ.
ತಾಳ ಹಾಕಿದಾಗೊಮ್ಮೆ ಕೇಳಸ್ತಾವ. ಬಂಗಾರದ್ದು ಒಂದೂ ಇಲ್ಲ."
ಮತ್ತೆ ಶೀಸಂ.
"ಇದರಾಗ ಬಳಿ ಇಲ್ಲ. ಬರೇ ಹಾಡು."
ಮತ್ತೆ ಕಪ್ಪು.
"ಈಗ. ನೋಡ್ರಿ, ಈಗ. ಅಯ್ಯ, ಈಗ ಕೇಳ್ರಿ!"

ಅವಳು ಬೆರಳು ಎತ್ತಿದಾಗೊಮ್ಮೆ ನಾನು ತಲೆಯಾಡಿಸಿದೆ.
ಎರಡು ಸಲ ಸರಿಯಾಗಿ,
ಮೂರನೆಯ ಸಲ ಬೆರಳಿಗಿಂತ ಮೊದಲೇ.
ಅವಳು ನನ್ನನ್ನೇ ನೋಡಿದಳು.
ಸೀಟಿಗಳೆಲ್ಲ ಒಟ್ಟಿಗೆ ಲೆಕ್ಕಕ್ಕೆ ಬಂದವೇನೋ.
ಏನೂ ಅನ್ನದೆ ಸಾಬರ ಕಡೆ ತಿರುಗಿ
"ಆರು ಸಾವಿರ ಬಿಡ್ರಿ, ಕರೇದು ಒಯ್ತೀವಿ," ಅಂದಳು.
ನಾಲ್ಕು ಬಿಟ್ಟರು. ವೈರು ಪುಕ್ಕಟೆ.

ಶಾಬಜಾರದ ನಮ್ಮ ಮನೆಯ ಶಾಬಾದಿ ಪರಸಿಗೆ
ಹಾಡೆಂದರೆ ಜಾರುಬಂಡಿ. ಮೊದಲ ದಿನ
ಗೋಡೆಯಿಂದ ಗೋಡೆಗೆ ಬಡಿದು ತಿರುಗಿ ಬಂತು.
ಕೌದಿ ಹಾಸಿದೆವು, ಸಾಲಲಿಲ್ಲ; ಇನ್ನೊಂದು ಹಾಸಿದೆವು.
ಅದರ ಮೇಲೇ ಈಗ ಇಬ್ಬರೂ ಕೂಡುತ್ತೇವೆ, ಊಟವಾದ ಮೇಲೆ.
ಬಳೆ ಬಂದಾಗ ಅವಳು
ನನ್ನ ಮುಂಗೈ ಮೇಲೆ ಬೆರಳಿನಿಂದ ಬಡಿಯುತ್ತಾಳೆ.

ಬಳೆಯಿಲ್ಲದ ಕಡೆಯೂ ಒಮ್ಮೊಮ್ಮೆ ಬಡಿಯುತ್ತಾಳೆ
ಎಂದು ನನ್ನ ಗುಮಾನಿ.