ಪೆನ್ಸಿಲ್ ಗೋಡೆ

ವರ್ಮಾಂಟಿನ ಒಂದು ಹಳ್ಳಿ, ಹೊಳೆ ತಿರುಗುವಲ್ಲಿ.
ಶನಿವಾರ ಎರಡು ಗಂಟೆಗೆ
ಥೆಲ್ಮಾ ಟಟಲ್ ತೂಬೆತ್ತುತ್ತಾಳೆ.
ನೆಲದಡಿ ನೀರು ಗೊಣಗಿ, ತಡವರಿಸಿ,
ಸೂರಿನುದ್ದಕ್ಕೂ ಮಲಗಿದ ಉಕ್ಕಿನ ಅಚ್ಚನ್ನು
ಒಲ್ಲದ ಎತ್ತನ್ನು ಎಬ್ಬಿಸಿದಂತೆ ಎಬ್ಬಿಸುತ್ತದೆ.
ಚರ್ಮದ ಪಟ್ಟಿಗಳು ಚಟಚಟ.
ಗರಗಸ ಹಲ್ಲು ಕಿರಿಯುತ್ತದೆ, ಕಚ್ಚುವುದಿಲ್ಲ;
ವಿಮೆಯವರ ಷರತ್ತು.

ಮೂರು ತಲೆಮಾರು ಟಟಲ್‌ಗಳು ಇಲ್ಲಿ ಮಾಡದ್ದೇನು?
ಕುಂಟೆಯ ಹಿಡಿ, ಕಿಟಕಿ ಚೌಕಟ್ಟು, ಜಾರುಬಂಡಿ,
ಅಳತೆ ಕೊಟ್ಟರೆ ಶವಪೆಟ್ಟಿಗೆಯೂ.
ಲೆಕ್ಕವೆಲ್ಲ ಗೋಡೆಯ ಹಲಗೆ ಮೇಲೆ, ಪೆನ್ಸಿಲಿನಲ್ಲಿ.
ಈಗ ಅದಕ್ಕೆ ಗಾಜು. ಮುಟ್ಟುವಂತಿಲ್ಲ.

ಬಂದ ಮಕ್ಕಳಲ್ಲಿ ಒಬ್ಬರಿಂದ ಓದಿಸುತ್ತಾಳೆ:
‘ಮೇ ಒಂಬತ್ತು. ಕುರ್ಚಿ ಕಾಲು, ಇನ್ನೂರ ನಲವತ್ತು.
ದೊಡ್ಡ ಪಟ್ಟಿ ಹರಿಯಿತು.
ಹೊಲಿಸಲು ಎರಡು ತಾಸು, ಅರ್ಧ ಡಾಲರು.
ಹೆಣ್ಣು ಹುಟ್ಟಿತು.’

‘ಅದು ನಾನು,’ ಅನ್ನುತ್ತಾಳೆ ಎಂಬತ್ತು ದಾಟಿದವಳು,
‘ಪಟ್ಟಿಗೆ ಎರಡು ಸಾಲು. ನನಗೊಂದೇ.’
ಎಲ್ಲರೂ ನಗುತ್ತಾರೆ. ಅವಳೂ.

ಆ ಸಾಲಿನ ಕೆಳಗೆ, ನೋಡಿದೆ,
ಅಂಗುಲ ಜಾಗವನ್ನೂ ಬಿಡದ
ಆ ಜಿಪುಣ ಗೋಡೆಯಲ್ಲಿ
ಒಂದು ಗೇಣು ಬರಿ ಹಲಗೆ,
ಏನೂ ಬರೆಯದೆ ಬಿಟ್ಟದ್ದು.

ಅದನ್ನವಳು ತೋರಿಸುವುದಿಲ್ಲ.
ತೂಬು ಇಳಿಸಲು ಹೋಗುತ್ತಾಳೆ.